ಸಣ್ಣ ಉದ್ದಿಮೆಯ ಸಂಶೋಧನೆಗೆ ಸರ್ಕಾರದ ಹಣ: ಫಲವೆಷ್ಟು, ಪೋಲೆಷ್ಟು?

ನಿಮ್ಮ ಬಳಿ ಹೊಸ ಉಪಕರಣವೊಂದರ ಕಲ್ಪನೆ ಇದೆ ಎಂದಿಟ್ಟುಕೊಳ್ಳಿ. ಅದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಮಾದರಿಯೊಂದನ್ನು ತಯಾರಿಸಿ ಪರೀಕ್ಷಿಸಬೇಕು. ಅದಕ್ಕೆ ಹಣ ಬೇಕು. ಬ್ಯಾಂಕು ಅಡಮಾನ ಕೇಳುತ್ತದೆ. ಬಂಡವಾಳ ಹೂಡುವವರು ‘ಮೊದಲು ಮಾದರಿ ತೋರಿಸಿ’ ಎನ್ನುತ್ತಾರೆ. ಈ ತೊಡಕನ್ನು ಬಿಡಿಸಲೆಂದೇ ಸರ್ಕಾರಗಳು ಅನುದಾನ ಯೋಜನೆಗಳನ್ನು ರೂಪಿಸಿವೆ. ಹಲವು ದೇಶಗಳು ಮಾದರಿಯಾಗಿ ಇಟ್ಟುಕೊಂಡ ಯೋಜನೆ ಅಮೆರಿಕದ ‘ಎಸ್‌ಬಿಐಆರ್’, ಅಂದರೆ ಸಣ್ಣ ಉದ್ದಿಮೆಗಳ ನವೀನ ಸಂಶೋಧನಾ ಯೋಜನೆ. ನಮ್ಮ ದೇಶದಲ್ಲೂ ಇದೇ ಬಗೆಯ ಯೋಜನೆಗಳು ಇರುವುದರಿಂದ ಅದರ ಗುಣದೋಷಗಳನ್ನು ಪರಿಶೀಲಿಸುವುದು ನಮಗೂ ಉಪಯುಕ್ತ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿದ್ದ ರೋಲಂಡ್ ಟಿಬೆಟ್ಸ್ 1977ರಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. 1982ರಲ್ಲಿ ಅದು ಕಾನೂನಾಯಿತು. ಹೊರಗಿನವರ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚ ಮಾಡುವ ಕೇಂದ್ರ ಇಲಾಖೆಗಳು ಅದರಲ್ಲಿ ಒಂದು ಪಾಲನ್ನು ಸಣ್ಣ ಉದ್ದಿಮೆಗಳಿಗೆ ಮೀಸಲಿಡಬೇಕೆಂಬುದು ಅದರ ತಿರುಳು. ಮೊದಲ ವರ್ಷ ಶೇಕಡಾ 0.2ರಷ್ಟಿದ್ದ ಈ ಪಾಲನ್ನು 2017ರ ವೇಳೆಗೆ ಶೇಕಡಾ 3.2ಕ್ಕೆ ಏರಿಸಲಾಯಿತು. ಯೋಜನೆಗೆ ಮೂರು ಹಂತಗಳು. ಮೊದಲನೆಯದರಲ್ಲಿ ಸಾಧ್ಯಾಸಾಧ್ಯತೆಯ ಪರೀಕ್ಷೆಗೆ ಚಿಕ್ಕ ಮೊತ್ತ. ಎರಡನೆಯದರಲ್ಲಿ ಮಾದರಿಯನ್ನು ಅಭಿವೃದ್ಧಿಪಡಿಸಲು ದೊಡ್ಡ ಮೊತ್ತ. ಮೂರನೆಯದು ಮಾರುಕಟ್ಟೆಯ ಹಂತ. ಅದಕ್ಕೆ ಯೋಜನೆಯ ಹಣವಿಲ್ಲ. ಆದರೆ ಮತ್ತೆ ಸ್ಪರ್ಧೆ ನಡೆಸದೆ ಅದೇ ಉದ್ದಿಮೆಯಿಂದ ಖರೀದಿಸಲು ಇಲಾಖೆಗೆ ಅವಕಾಶವಿದೆ.

ಇದರಿಂದ ಫಲ ಸಿಕ್ಕಿದೆಯೇ? ಕ್ವಾಲ್‌ಕಾಮ್ ಆರಂಭದ ದಿನಗಳಲ್ಲಿ ಈ ಅನುದಾನ ಪಡೆದಿತ್ತೆಂದು ಯೋಜನೆಯ ಬೆಂಬಲಿಗರು ಹೇಳುತ್ತಾರೆ. ಅದು ನಿಜ. ಆದರೆ ಗೆದ್ದ ಒಬ್ಬರ ಹೆಸರು ಹೇಳಿದ ಮಾತ್ರಕ್ಕೆ ಯೋಜನೆ ಗೆದ್ದಿತೆಂದು ಸಾಧಿಸಿದಂತಾಗದು. ಅನುದಾನ ಪಡೆದವರನ್ನು ಸ್ವಲ್ಪದರಲ್ಲೇ ಅದನ್ನು ಕಳೆದುಕೊಂಡವರೊಂದಿಗೆ ಹೋಲಿಸಬೇಕು. ಅರ್ಥಶಾಸ್ತ್ರಜ್ಞೆ ಸಬ್ರಿನಾ ಹೋವೆಲ್ ಇಂಧನ ಇಲಾಖೆಯ ಅರ್ಜಿಗಳನ್ನು ಹೀಗೆಯೇ ಹೋಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಹಂತದ ಚಿಕ್ಕ ಅನುದಾನ ದೊರೆತರೆ ಮುಂದೆ ಸಾಹಸ ಬಂಡವಾಳ ಸಿಗುವ ಸಂಭವ ಶೇಕಡಾ 10ರಿಂದ ಸುಮಾರು 19ಕ್ಕೆ ಏರಿತ್ತು. ಸರ್ಕಾರದ ಮುದ್ರೆ ಬಿತ್ತೆಂಬುದಕ್ಕಿಂತ, ಮಾದರಿ ತಯಾರಿಸಿ ಪರೀಕ್ಷಿಸಲು ಸಾಧ್ಯವಾದದ್ದೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಹಲವು ಪಟ್ಟು ದೊಡ್ಡದಾದ ಎರಡನೆಯ ಹಂತದ ಅನುದಾನಕ್ಕೆ ಅಂಥ ಪರಿಣಾಮ ಕಂಡುಬರಲಿಲ್ಲ.

ಇಲ್ಲಿಂದ ದೋಷಗಳು ಆರಂಭವಾಗುತ್ತವೆ. ಕೆಲವು ಸಂಸ್ಥೆಗಳು ವರ್ಷ ವರ್ಷವೂ ಅನುದಾನ ಪಡೆಯುತ್ತವೆ. ಅವುಗಳ ಪಾಲಿಗೆ ಅನುದಾನವೇ ಆದಾಯ, ವರದಿಯೇ ಉತ್ಪನ್ನ. ಹೆಚ್ಚು ಬಾರಿ ಅನುದಾನ ಪಡೆದವರು ಹೆಚ್ಚು ಬೆಳೆದಿಲ್ಲವೆಂದು ಜೋಶ್ ಲರ್ನರ್ 1999ರಲ್ಲೇ ತೋರಿಸಿದ್ದರು. ಬೆಳವಣಿಗೆಯೂ ಸಾಹಸ ಬಂಡವಾಳ ಹೇರಳವಾಗಿದ್ದ ಪ್ರದೇಶಗಳಿಗಷ್ಟೇ ಸೀಮಿತವಾಗಿತ್ತು. ಅಮೆರಿಕದ ವಾಯುಪಡೆಯ ಅನುದಾನಗಳ ಕುರಿತ ಅಧ್ಯಯನವೊಂದು ಇನ್ನೊಂದು ಅಂಶವನ್ನು ಬೆಳಕಿಗೆ ತಂದಿತು. ‘ಇಂಥದ್ದೇ ಬೇಕು’ ಎಂದು ಇಲಾಖೆ ನಿರ್ದಿಷ್ಟವಾಗಿ ಬರೆದ ವಿಷಯಗಳಲ್ಲಿ ಗೆದ್ದವರು ಮತ್ತಷ್ಟು ಅನುದಾನ ಗೆದ್ದರೇ ಹೊರತು ಅದರಾಚೆಗೆ ಹೋಗಲಿಲ್ಲ. ಉದ್ದಿಮೆಗಳೇ ವಿಷಯ ಸೂಚಿಸಬಹುದಾದ ಮುಕ್ತ ಸ್ಪರ್ಧೆಯಲ್ಲಿ ಗೆದ್ದವರಿಗೆ ಖಾಸಗಿ ಬಂಡವಾಳವೂ ರಕ್ಷಣಾ ಇಲಾಖೆಯ ಗುತ್ತಿಗೆಗಳೂ ಹೆಚ್ಚಾಗಿ ದೊರೆತವು. ಪದೇ ಪದೇ ಅನುದಾನ ಪಡೆಯುವವರಿಗೆ ಮಿತಿ ಹಾಕಬೇಕೇ ಎಂಬ ವಿವಾದ ಬಗೆಹರಿಯದೆ 2025ರ ಸೆಪ್ಟೆಂಬರ್ 30ರಂದು ಯೋಜನೆಯ ಕಾನೂನುಬದ್ಧ ಅವಧಿಯೇ ಮುಗಿದುಹೋಯಿತು.

ಇನ್ನು ನಮ್ಮ ಕಡೆಗೆ ಬರೋಣ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ‘ಎಸ್‌ಬಿಐಆರ್‌ಐ’ ಎಂಬ ಯೋಜನೆ ಆರಂಭಿಸಿತು. ಹೆಸರೇ ಅದರ ಮೂಲವನ್ನು ಹೇಳುತ್ತದೆ. 2012ರಲ್ಲಿ ‘ಬೈರಾಕ್’ ಸಂಸ್ಥೆ ಹುಟ್ಟಿತು. ಅದರ ‘ಬಿಗ್’ ಅನುದಾನ ಹೊಸ ಕಲ್ಪನೆಗೆ 18 ತಿಂಗಳ ಅವಧಿಗೆ 50 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ. ಇದನ್ನು ನಿರ್ವಹಿಸುವ ಪಾಲುದಾರರಲ್ಲಿ ಬೆಂಗಳೂರಿನ ‘ಸಿ-ಕ್ಯಾಂಪ್’ ಕೂಡ ಒಂದು. ಮೊದಲ ಹಂತವನ್ನು ನಾವು ಚೆನ್ನಾಗಿಯೇ ಅಳವಡಿಸಿಕೊಂಡಿದ್ದೇವೆ ಎನ್ನಬಹುದು.

ಕೊರತೆ ಇರುವುದು ಖರೀದಿಯಲ್ಲಿ. ಅನುದಾನದಿಂದ ತಯಾರಾದ ಉಪಕರಣವನ್ನು ಸರ್ಕಾರಿ ಆಸ್ಪತ್ರೆ ಕೊಳ್ಳಬೇಕಾದರೆ ಸಾಮಾನ್ಯವಾಗಿ ಟೆಂಡರ್ ಕರೆಯಬೇಕು. 2017ರ ಸಾಮಾನ್ಯ ಹಣಕಾಸು ನಿಯಮಗಳು ನವೋದ್ಯಮಗಳಿಗೆ ಠೇವಣಿಯಿಂದ ವಿನಾಯಿತಿ ಕೊಟ್ಟವು. ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತನ್ನೂ ಸಡಿಲಿಸಲು ಅವಕಾಶ ಕೊಟ್ಟವು. ಅಂದರೆ ಬಾಗಿಲೇನೋ ತೆರೆಯಿತು. ಆದರೆ ಒಳಗೆ ಹೋದ ಮೇಲೆ ಗೆಲ್ಲುವವರು ಬಹುಮಟ್ಟಿಗೆ ಕನಿಷ್ಠ ದರ ನಮೂದಿಸಿದವರೇ. ಮೊದಲ ನೂರು ಉಪಕರಣಗಳನ್ನು ತಯಾರಿಸುವ ಸಣ್ಣ ಉದ್ದಿಮೆ, ಲಕ್ಷಗಟ್ಟಲೆ ತಯಾರಿಸುವ ಕಂಪನಿಯ ದರಕ್ಕೆ ಇಳಿಯುವುದು ಹೇಗೆ? ರಕ್ಷಣಾ ಕ್ಷೇತ್ರದಲ್ಲಿ 2018ರಲ್ಲಿ ಆರಂಭವಾದ ‘ಐಡೆಕ್ಸ್’ ಮಾತ್ರ ಅನುದಾನದ ಜೊತೆಗೆ ಖರೀದಿಯ ದಾರಿಯನ್ನೂ ಜೋಡಿಸಲು ಯತ್ನಿಸಿದೆ. ಆರೋಗ್ಯ, ಕೃಷಿ, ಕುಡಿಯುವ ನೀರಿನ ಕ್ಷೇತ್ರಗಳಿಗೂ ಅಂಥ ವ್ಯವಸ್ಥೆ ಬೇಕು.

ಆದ್ದರಿಂದ ಚಿಕ್ಕ ಅನುದಾನಗಳು ಹೆಚ್ಚಲಿ, ಹೊಸಬರಿಗೆ ಸಿಗಲಿ. ದೊಡ್ಡ ಮೊತ್ತವನ್ನು ಕೊಡುವ ಮುನ್ನ ಕೊಳ್ಳುವವರು ಯಾರೆಂದು ಗೊತ್ತಿರಲಿ. ಅನುದಾನ ತಪ್ಪಿದವರ ಮಾಹಿತಿಯನ್ನೂ ಗುಟ್ಟು ಕಾಯ್ದುಕೊಂಡೇ ಸಂಶೋಧಕರಿಗೆ ಒದಗಿಸಿದರೆ ಯೋಜನೆಯ ಫಲವನ್ನು ನಾವೂ ಅಳೆಯಬಹುದು. ಮುಂದಿನ ಬಾರಿ ಇಂಥ ಯೋಜನೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಎಷ್ಟು ಕೋಟಿ ಕೊಟ್ಟರೆಂದು ಓದಿ ಸುಮ್ಮನಾಗಬೇಡಿ. ಕಳೆದ ಬಾರಿ ಹಣ ಪಡೆದ ಉಪಕರಣಗಳಲ್ಲಿ ಎಷ್ಟು ಇಂದು ಬಳಕೆಯಲ್ಲಿವೆ ಎಂದೂ ಕೇಳಿ. ತೆರಿಗೆ ಕಟ್ಟುವ ನಿಮಗೆ ಆ ಹಕ್ಕಿದೆ.