ತೋರಿಸದ ಚಿತ್ರಗಳ ಸಿನಿಮಾ

ಜಾನ್ ಫ್ರಾಂಕನ್‌ಹೈಮರ್ ನಿರ್ದೇಶಿಸಿದ ‘ದಿ ಟ್ರೈನ್’ (1964) ನಾನು ಮತ್ತೆ ಮತ್ತೆ ನೋಡುವ ಯುದ್ಧಚಿತ್ರ. 1944ರ ಆಗಸ್ಟ್. ಮಿತ್ರಪಡೆಗಳು ಪ್ಯಾರಿಸ್ಸಿನ ಹೊಸ್ತಿಲಿಗೆ ಬಂದಿವೆ. ಜರ್ಮನ್ ಕರ್ನಲ್ ವಾಲ್ಡ್‌ಹೈಮ್ ಲೂಟಿಯ ಕಲಾಕೃತಿಗಳನ್ನು ರೈಲಿಗೆ ತುಂಬಿ ಜರ್ಮನಿಗೆ ಸಾಗಿಸಲು ಹೊರಟಿದ್ದಾನೆ. ಅದನ್ನು ತಡೆಯುವವರು ಫ್ರಾನ್ಸಿನ ರೈಲ್ವೆ ನೌಕರರು.

ಮೊದಮೊದಲು ನಾನು ಎಂಜಿನ್‌ಗಳ ಡಿಕ್ಕಿಗಾಗಿ ಕಾಯುತ್ತಿದ್ದೆ. ಅಲ್ಲಿ ಪುಟ್ಟ ಮಾದರಿಗಳ ಕೈಚಳಕವಿಲ್ಲ, ಉರುಳುವುದು ನಿಜವಾದ ಎಂಜಿನ್ನೇ. ಈಗ ಕಾಯುವುದು ಬೇರೊಂದಕ್ಕೆ. ಆ ನೌಕರರಲ್ಲೊಬ್ಬನಾದ ಬರ್ಟ್ ಲ್ಯಾಂಕಾಸ್ಟರ್‌ನ ಲಬೀಶ್ ಕೆಟ್ಟುನಿಂತ ಎಂಜಿನ್‌ಗೆ ಬೇರಿಂಗ್ ಎರಕ ಹೊಯ್ಯುತ್ತಾನೆ. ಮಾತಿಲ್ಲ. ಕರಗಿದ ಲೋಹ, ಮಸಿ, ಬೆವರು, ಅಳತೆ ತಪ್ಪದ ಕೈ. ಕ್ಯಾಮೆರಾಕ್ಕೆ ಅವಸರವೇ ಇಲ್ಲ. ಒಬ್ಬ ಚಿತ್ರಕಾರನ ಕುಂಚವನ್ನು ನೋಡುವಷ್ಟೇ ಶ್ರದ್ಧೆಯಿಂದ ಅದು ಈ ಕೆಲಸವನ್ನು ನೋಡುತ್ತದೆ.

ಇಡೀ ಸಿನಿಮಾದ ಜೀವ ಇಲ್ಲಿದೆ ಎಂದು ನನಗನ್ನಿಸುತ್ತದೆ. ಪಾಲ್ ಸ್ಕೋಫೀಲ್ಡ್‌ನ ವಾಲ್ಡ್‌ಹೈಮ್‌ಗೆ ಕಲೆ ನಿಜಕ್ಕೂ ಗೊತ್ತು. ನಾತ್ಸಿಗಳು ‘ಕೆಟ್ಟ ಕಲೆ’ ಎಂದು ಹೀಗಳೆದ ಚಿತ್ರಗಳನ್ನು ಆತ ಪ್ರೀತಿಸುತ್ತಾನೆ. ಆದರೆ ಸವಿಯಬಲ್ಲವನಿಗೆ ಮಾತ್ರ ಅವು ಸೇರಬೇಕೆಂಬುದು ಅವನ ವಾದ. ಅವುಗಳಿಗಾಗಿ ಸಾಯುವವರಾದರೋ ಅವನ್ನು ಕಂಡವರೇ ಅಲ್ಲ. ಎಣ್ಣೆಯ ಕೊಳವೆಗೆ ನಾಣ್ಯ ತುರುಕಿ ಎಂಜಿನ್ ಕೆಡಿಸಿ ಗುಂಡಿಗೆ ಬಲಿಯಾಗುವ ಮುದುಕ ಬೂಲ್‌ಗೆ ರೆನ್ವಾರ್ ಎಂದರೆ, ಆ ಕಲಾವಿದನಿಗೆ ರೂಪದರ್ಶಿಯಾಗಿದ್ದ ಹುಡುಗಿಯೊಬ್ಬಳ ಮೈಗೆ ಅಂಟಿದ ಬಣ್ಣದ ವಾಸನೆ. ಮಿಶೆಲ್ ಸಿಮೋನ್ ಆ ಮುದುಕನಾಗಿ ಉಸಿರಾಡಿದ್ದಾರೆ. ಆರಂಭದ ಕೆಲವು ನಿಮಿಷ ಬಿಟ್ಟರೆ ನಾವೂ ನೋಡುವುದು ಹೆಸರು ಬರೆದ ಮರದ ಪೆಟ್ಟಿಗೆಗಳನ್ನೇ. ಚಿತ್ರಗಳ ಚೆಲುವನ್ನು ತೋರಿಸಿ ಸಾವುಗಳನ್ನು ಸಮರ್ಥಿಸುವ ಸುಲಭದ ದಾರಿಯನ್ನು ಫ್ರಾಂಕನ್‌ಹೈಮರ್ ಹಿಡಿಯುವುದಿಲ್ಲ. ಈ ಸಂಯಮ ದೊಡ್ಡದು. ಇದೇ ಲೂಟಿಯ ವಸ್ತುವಿರುವ ಜಾರ್ಜ್ ಕ್ಲೂನಿಯ ‘ದಿ ಮಾನ್ಯುಮೆಂಟ್ಸ್ ಮೆನ್’ (2014) ಆದರೋ ಕಲೆಯ ಹಿರಿಮೆಯನ್ನು ಭಾಷಣಗಳಲ್ಲಿ ಹೇಳಿ ಸೊರಗುತ್ತದೆ.

ಒಂದು ಕೊರತೆ ಮಾತ್ರ ಪ್ರತಿಸಲವೂ ಚುಚ್ಚುತ್ತದೆ. ಕಥೆಗೆ ಮೂಲ ರೋಸ್ ವಾಲಾಂ ಬರೆದ ಪುಸ್ತಕ. ಝು ದ ಪೋಮ್ ಸಂಗ್ರಹಾಲಯದಲ್ಲಿ ನಾತ್ಸಿಗಳ ಕಣ್ಣೆದುರೇ ಕುಳಿತು, ಯಾವ ಕೃತಿ ಎಲ್ಲಿಗೆ ಹೋಯಿತೆಂದು ಗುಟ್ಟಾಗಿ ಬರೆದಿಟ್ಟ ಮಹಿಳೆ ಆಕೆ. ನಿಜವಾದ ರೈಲು ಪ್ಯಾರಿಸ್ಸಿನ ಸುತ್ತಮುತ್ತಲನ್ನು ದಾಟಲೇ ಇಲ್ಲ. ಆಕೆ ಕೊಟ್ಟ ಸುಳಿವು, ನೌಕರರು ಹೂಡಿದ ವಿಳಂಬಗಳೇ ಅದನ್ನು ಕಟ್ಟಿಹಾಕಿದವು. ಸಿನಿಮಾದಲ್ಲಿ ಆಕೆ ಬೇರೆ ಹೆಸರು ಹೊತ್ತು ಕೆಲವೇ ನಿಮಿಷ ಕಾಣಿಸಿಕೊಂಡು ಮರೆಯಾಗುತ್ತಾಳೆ. ಬೇರಿಂಗಿನ ಎರಕಕ್ಕೆ ಅಷ್ಟು ತಾಳ್ಮೆ ತೋರಿದ ನಿರ್ದೇಶಕ, ಆ ಹೆಂಗಸಿನ ಬರವಣಿಗೆಯ ಕೈಗೂ ಒಂದು ದೃಶ್ಯ ಕೊಡಬೇಕಿತ್ತು.