ಮೂರು ನಿಮಿಷದ ಗೌಹರ್ ಜಾನ್

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯಕ್ಕೆ ಹೋದವರು ಹಳೆಯ ಗ್ರಾಮಫೋನುಗಳ ಎದುರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಆ ಯಂತ್ರವನ್ನು ನಮ್ಮ ದೇಶದಲ್ಲಿ ಮೊದಲು ಪಳಗಿಸಿದವರಲ್ಲಿ ಗಾಯಕಿ ಗೌಹರ್ ಜಾನ್ ಒಬ್ಬಳು.

1902ರ ನವೆಂಬರ್. ಕಲ್ಕತ್ತೆಗೆ ಬಂದಿದ್ದ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಆಕೆಯ ಹಾಡನ್ನು ಮುದ್ರಿಸಿಕೊಂಡ. ಮೈಕು ಇನ್ನೂ ಇರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ದನಿಯ ಕಂಪನಕ್ಕೆ ಸೂಜಿ ಮೇಣದ ತಟ್ಟೆ ಕೊರೆಯುತ್ತದೆ. ತಪ್ಪಿದರೆ ಮತ್ತೆ ಮೊದಲಿನಿಂದ. ಒಂದು ತಟ್ಟೆಗೆ ಸಿಗುವುದು ಎರಡು ಮೂರು ನಿಮಿಷ ಮಾತ್ರ. ಮೆಹಫಿಲಿನಲ್ಲಿ ತಾಸುಗಟ್ಟಲೆ ಅರಳುವ ರಾಗವನ್ನು ಇಷ್ಟರಲ್ಲಿ ಹಿಡಿಯುವುದು ಹೇಗೆ? ಆಕೆ ಆಲಾಪವನ್ನು ಕಿರಿದಾಗಿಸಿ, ಬಂದಿಶಿಗೆ ನೇರ ಇಳಿದು, ಮಿಂಚಿನ ತಾನುಗಳಲ್ಲಿ ರಾಗದ ಮುಖ ತೋರಿಸಿಬಿಡುತ್ತಾಳೆ. ಇದನ್ನು ರಾಜಿ ಎನ್ನಲು ನನಗೆ ಮನಸ್ಸಿಲ್ಲ. ಇದು ಹೊಸದೊಂದು ರಚನಾಕ್ರಮ, ಅದೂ ಕಟ್ಟಿಕೊಡಲು ಮಾದರಿಯೇ ಇಲ್ಲದ ಕಾಲದಲ್ಲಿ.

ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಗುರುತು ಸಿಗಲಿ ಎಂದು ಮಾಡಿದ ಏರ್ಪಾಡಂತೆ. ಆದರೆ ಆ ದನಿಯ ಠೀವಿಯನ್ನು ಕೇಳಿ! ಹಾಡಿನಷ್ಟೇ ಅದೂ ನನಗೆ ಇಷ್ಟ.

ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಮುದ್ರಿಕೆಗಳನ್ನು ಕೊಟ್ಟ ಆಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಳು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಆಕೆಯ ಜೀವನವನ್ನು ಕಲೆಹಾಕಿ 2010ರಲ್ಲಿ ಪುಸ್ತಕವಾಗಿಸಿದವರು ಬೆಂಗಳೂರಿನವರೇ ಆದ ವಿಕ್ರಮ್ ಸಂಪತ್.