ನಾಳೆಯಿಲ್ಲದ ವೀರರು

ಓವರ್‌ವಾಚ್ ಎಂಬ ಆಟದಲ್ಲಿ ನಮ್ಮೂರಿನವಳೊಬ್ಬಳಿದ್ದಾಳೆ. ನಮ್ಮೂರು ಅಂದರೆ ಹದಿನಾರು ವರ್ಷಗಳಿಂದ ನಾನಿರುವ ಹೈದರಾಬಾದು. ಅವಳ ಹೆಸರು ಸತ್ಯಾ ವಾಸ್ವಾನಿ, ಆಟದಲ್ಲಿ ಸಿಮೆಟ್ರಾ. ಈ ನಗರದ ಕಡುಬಡತನದಿಂದ ವಿಶ್ಕಾರ್ ಎಂಬ ಕಾಲ್ಪನಿಕ ಸಂಸ್ಥೆ ಅವಳನ್ನು ಆರಿಸಿಕೊಂಡು ಹೋಗಿ, ಬೆಳಕನ್ನು ಗಟ್ಟಿ ಮಾಡಿ ಗೋಡೆ, ಸೇತುವೆ ಕಟ್ಟುವ ವಿದ್ಯೆ ಕಲಿಸುತ್ತದೆ. 2016ರಲ್ಲಿ ಬಂದ ಒಂದು ಕಾಮಿಕ್‌ನಲ್ಲಿ ಆಕೆ ರಿಯೊ ಡಿ ಜನೈರೊಗೆ ಹೋಗುತ್ತಾಳೆ. ಅಲ್ಲಿ ತನ್ನ ಸಂಸ್ಥೆಯ ಕೆಲಸದಿಂದಲೇ ಬಡವರ ಕೇರಿಗೆ ಬೆಂಕಿ ತಗಲುವುದನ್ನು, ಒಂದು ಪುಟ್ಟ ಹುಡುಗಿ ಸುಟ್ಟುಕೊಳ್ಳುವುದನ್ನು ಕಾಣುತ್ತಾಳೆ. ಮೊದಲ ಸಲ ಅವಳಿಗೆ ಅನುಮಾನ ಹುಟ್ಟುತ್ತದೆ. ಕಾಮಿಕ್ ಅಲ್ಲಿಗೆ ಮುಗಿಯುತ್ತದೆ.

ಆಟದೊಳಗೆ ಆ ಅನುಮಾನಕ್ಕೆ ಜಾಗವಿಲ್ಲ. ಎರಡು ತಂಡ, ಒಂದು ಭೂಪಟ, ಹತ್ತು ಹದಿನೈದು ನಿಮಿಷ. ಸಾಯುವುದು, ಮತ್ತೆ ಹುಟ್ಟುವುದು, ಗೆಲ್ಲುವುದು ಇಲ್ಲವೇ ಸೋಲುವುದು. ಯಕ್ಷಗಾನ ನೋಡಿ ಬೆಳೆದ ನನಗೆ ಮಗಳ ಪಕ್ಕ ಕೂತು ಇದನ್ನು ನೋಡುವಾಗಲೆಲ್ಲ ಅನಿಸುತ್ತಿದ್ದದ್ದು ಒಂದೇ: ಒಡ್ಡೋಲಗ ಭರ್ಜರಿಯಾಗಿದೆ, ಯುದ್ಧವೂ ಇದೆ, ಪ್ರಸಂಗ ಎಲ್ಲಿ? ಈ ವೀರರಿಗೆಲ್ಲ ಸೊಗಸಾದ ನಿನ್ನೆಗಳಿವೆ. ಅವೆಲ್ಲ ಕಾಮಿಕ್‌ಗಳಲ್ಲಿ, ಕಿರುಚಿತ್ರಗಳಲ್ಲಿ, ಅಂದರೆ ಆಟದ ಹೊರಗೆ ಇವೆ. ನಾಳೆ ಮಾತ್ರ ಯಾರಿಗೂ ಇಲ್ಲ.

ನಾಳೆಯನ್ನು ಕೊಡುತ್ತೇವೆ ಎಂದದ್ದು 2019ರ ನವೆಂಬರಿನಲ್ಲಿ. ಬ್ಲಿಝಾರ್ಡ್ ಸಂಸ್ಥೆ ತನ್ನ ಬ್ಲಿಝ್‌ಕಾನ್ ಸಮಾವೇಶದಲ್ಲಿ ಓವರ್‌ವಾಚ್ 2 ಘೋಷಿಸಿತು. ನಾಲ್ವರು ಸೇರಿ ಯಂತ್ರಗಳ ವಿರುದ್ಧ ಆಡುವ ಕಥಾ ಮಿಷನ್‌ಗಳು ಒಂದು ಕಡೆ. ಮತ್ತೆ ಮತ್ತೆ ಆಡಬಹುದಾದ ಹೀರೋ ಮಿಷನ್‌ಗಳು ಇನ್ನೊಂದು ಕಡೆ. ಎರಡನೆಯದರಲ್ಲಿ ಪ್ರತಿ ವೀರನಿಗೂ ಟ್ಯಾಲೆಂಟ್‌ಗಳ ಒಂದು ಮರ. ಆಡುತ್ತ ಹೋದಂತೆ ಕೊಂಬೆ ಒಡೆಯುತ್ತದೆ, ಹಳೆಯ ವಿದ್ಯೆ ಹೊಸ ರೂಪ ತಾಳುತ್ತದೆ. ಮುಂದೆ ತೋರಿಸಿದ ತುಣುಕುಗಳಲ್ಲಿ ಮೇ ಎಂಬ ವಿಜ್ಞಾನಿ ತಾನೇ ಹಿಮದ ಉಂಡೆಯಾಗಿ ಉರುಳುತ್ತ ಶತ್ರುಗಳನ್ನು ಕೆಡವುತ್ತಿದ್ದಳು. ಸಮಾವೇಶದಲ್ಲಿ ಜನ ಆಡಿ ನೋಡಿದ ಡೆಮೊ ನಡೆಯುತ್ತಿದ್ದದ್ದು ರಿಯೊದಲ್ಲಿ. ನನ್ನ ಮಗಳಿಗೆ ಆಗ ಹದಿಮೂರು. "ಸಿಮೆಟ್ರಾ ಅಲ್ಲಿಗೆ ವಾಪಸ್ ಹೋಗ್ತಾಳೆ ಪಪ್ಪ, ಆ ಹುಡುಗೀನ ನೋಡ್ತಾಳೆ" ಎಂದು ಅವಳೇ ಕಥೆ ಕಟ್ಟಿಕೊಂಡಳು.

2023ರ ಮೇ ತಿಂಗಳಲ್ಲಿ ಹೀರೋ ಮಿಷನ್‌ಗಳನ್ನೂ ಟ್ಯಾಲೆಂಟ್ ಮರಗಳನ್ನೂ ಕೈಬಿಟ್ಟದ್ದಾಗಿ ನಿರ್ದೇಶಕ ಆರನ್ ಕೆಲರ್ ತಿಳಿಸಿದರು. 2019ರಲ್ಲಿ ತೋರಿಸಿದ್ದನ್ನು ಪೂರೈಸಲಾಗದು, ಅದಕ್ಕೆ ಹಾಕುವ ಶ್ರಮ ಈಗ ನಡೆಯುತ್ತಿರುವ ಆಟದಿಂದ ಕಿತ್ತುಕೊಂಡದ್ದಾಗುತ್ತದೆ ಎಂಬುದು ಅವರ ಮಾತಿನ ಸಾರ. ಅದೇ ವರ್ಷ ಆಗಸ್ಟ್ 10ರಂದು ಮೂರು ಕಥಾ ಮಿಷನ್‌ಗಳು ಬಂದವು: ರಿಯೊ, ಟೊರಾಂಟೊ, ಗೋಥೆನ್‌ಬರ್ಗ್. ಬೆಲೆ 15 ಡಾಲರ್. ಕಥೆ ನಡುದಾರಿಯಲ್ಲಿ ನಿಂತಿತು. ಅದೇ ದಿನ ಸುರವಾಸ ಎಂಬ, ಭಾರತದಲ್ಲಿರುವ ಒಂದು ಕಾಲ್ಪನಿಕ ನಗರವೂ ಆಟಕ್ಕೆ ಬಂತು. ಗೋಪುರ, ಅಂಗಳ, ಬಣ್ಣ, ಎಲ್ಲ ಚೆನ್ನಾಗಿತ್ತು. ಆದರೆ ಅದು ಕಥೆಗಲ್ಲ, ಎರಡು ತಂಡಗಳು ಬಡಿದಾಡುವುದಕ್ಕೆ.

ವೃತ್ತಿಯಿಂದ ನಾನು ಪ್ರಾಜೆಕ್ಟ್ ಮ್ಯಾನೇಜರ್. ಹಾಗಾಗಿ ಅಭಿಮಾನಿಗಳ ಸಿಟ್ಟಿಗೆ ಸುಮ್ಮನೆ ದನಿಗೂಡಿಸಲಾರೆ. ಡೆಮೊ ಅನ್ನುವುದು ಕೆಲಸದ ಅತಿ ಸುಲಭದ ಭಾಗ: ಒಂದು ಊರು, ನಾಲ್ಕು ಪಾತ್ರ, ಗೊತ್ತಿರುವ ದಾರಿ. ಅದರಾಚೆ ಲೆಕ್ಕ ಬೇರೆ. 2020ರ ಹೊತ್ತಿಗೆ ಆಟದಲ್ಲಿ 32 ವೀರರು. ಒಬ್ಬೊಬ್ಬರಿಗೂ ಒಂದು ಮರ, ಮರಕ್ಕೆ ಹಲವು ಕೊಂಬೆ, ಯಾವ ನಾಲ್ವರು ಬೇಕಾದರೂ ಜೊತೆಯಾಗಬಹುದು. ಇವೆಲ್ಲ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಒಂದು ಕೊಂಬೆ ಜೋರಾದರೆ ಮಿಷನ್ ನೀರಸ, ಸಪ್ಪೆಯಾದರೆ ಆ ಕೊಂಬೆಯೇ ದಂಡ. ಮೊದಲ ಆಟದಲ್ಲಿ 2016ರಿಂದ ಹಬ್ಬಗಳಿಗೆಂದು ಬಂದುಹೋಗುತ್ತಿದ್ದ ಪುಟ್ಟ ಸಹಕಾರಿ ಮಿಷನ್‌ಗಳು ಗೆದ್ದದ್ದು ಅವು ಪುಟ್ಟವಾಗಿದ್ದವು ಎಂಬುದಕ್ಕೇ. ಆದ್ದರಿಂದ ಕತ್ತರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕೆಟ್ಟದ್ದನ್ನು ಪೂರ್ತಿ ಮಾಡುವುದಕ್ಕಿಂತ ನಿಲ್ಲಿಸುವುದು ಮೇಲು.

ಕೈಬಿಟ್ಟದ್ದರಿಂದ ಒಳ್ಳೆಯದೂ ಹುಟ್ಟುತ್ತದೆ. ಓವರ್‌ವಾಚ್ ಹುಟ್ಟಿದ್ದೇ ಹಾಗೆ. ಸುಮಾರು ಏಳು ವರ್ಷ ದುಡಿದ ಟೈಟನ್ ಎಂಬ ಬೃಹತ್ ಆಟವನ್ನು ರದ್ದು ಮಾಡಿದ್ದಾಗಿ ಇದೇ ಸಂಸ್ಥೆ 2014ರಲ್ಲಿ ಹೇಳಿತ್ತು. ಅದರ ಅವಶೇಷದಿಂದ ಎದ್ದದ್ದು 2016ರ ಓವರ್‌ವಾಚ್. ಹಾಗಾದರೆ ಈ ಸಲ ಯಾಕಿಷ್ಟು ನೋವು? ಟೈಟನ್ ಹೇಗಿರುತ್ತದೆಂದು ಸಂಸ್ಥೆ ಯಾರಿಗೂ ತೋರಿಸಿರಲಿಲ್ಲ. ನಾವು ಅದಕ್ಕಾಗಿ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಹೀರೋ ಮಿಷನ್‌ಗಳಿಗಾಗಿ ಬಿಟ್ಟುಕೊಟ್ಟೆವು. 2020ರ ಏಪ್ರಿಲ್‌ನಲ್ಲಿ ಎಕೋ ಬಂದ ಮೇಲೆ ಎರಡೂವರೆ ವರ್ಷ ಆಟಕ್ಕೆ ಒಬ್ಬ ಹೊಸ ವೀರನೂ ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ಹಣ ಕೊಟ್ಟು ಕೊಂಡಿದ್ದ ಮೊದಲ ಆಟವನ್ನೇ ಮುಚ್ಚಿ, ಎರಡನೆಯದನ್ನು ಅದರ ಜಾಗದಲ್ಲಿ ಕೂರಿಸಿದರು. ಆ '2' ಎಂಬ ಅಂಕಿಗೆ ಆಧಾರವಾಗಿದ್ದದ್ದೇ ಬರಲಿರುವ ಮೋಡ್. ಅದನ್ನು ತೆಗೆದ ಮೇಲೂ ಅಂಕಿ ಹಾಗೇ ನಿಂತಿತು.

ಇಲ್ಲಿ ನನ್ನದೊಂದು ವಿಷಯ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ನನ್ನ ಕೈಕೆಳಗಿನ ಆರು ಮಂದಿ ಹದಿನಾಲ್ಕು ತಿಂಗಳು ಕಟ್ಟಿದ ಒಂದು ಮಾಡ್ಯೂಲನ್ನು ನಾನೇ ತೆಗೆಸಿದೆ. ಗ್ರಾಹಕರ ಆದ್ಯತೆ ಬದಲಾಗಿತ್ತು. ನಿರ್ಧಾರ ಸರಿಯಾಗಿಯೇ ಇತ್ತು. ಎರಡು ಸಾಲಿನ ಮೇಲ್ ಹಾಕಿದೆ: 'ಸದರಿ ಭಾಗವನ್ನು ಸ್ಕೋಪಿನಿಂದ ಕೈಬಿಡಲಾಗಿದೆ.' ಯಾರು ಕೈಬಿಟ್ಟರು ಎಂಬುದು ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ಅದನ್ನು ಹೆಚ್ಚಾಗಿ ಬರೆದಿದ್ದ ಹುಡುಗ ನನ್ನ ಮೇಜಿನ ಹತ್ತಿರ ಬಂದು, "ಸರ್, ಕೋಡ್ ಏನು ಮಾಡೋದು?" ಎಂದ. "ಬ್ರಾಂಚಿನಲ್ಲಿ ಇರಲಿ ಬಿಡು" ಎಂದೆ. ಅದನ್ನು ಮತ್ತೆ ಯಾರೂ ತೆರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೆಲರ್ ತಮ್ಮ ಹೆಸರಿನಲ್ಲೇ, ಜನರ ಮುಂದೆ ನಿಂತು ಹೇಳಿದರು. ಅಷ್ಟರ ಮಟ್ಟಿಗೆ ಅವರು ನನಗಿಂತ ವಾಸಿ.

ಈಗ ಆ ಹಿಮದ ಉಂಡೆಯ ವಿಷಯ. 2025ರ ಏಪ್ರಿಲ್‌ನಲ್ಲಿ ಇದೇ ಆಟಕ್ಕೆ ಸ್ಟೇಡಿಯಂ ಎಂಬ ಹೊಸ ಮೋಡ್ ಬಂತು. ಹಲವು ಸುತ್ತುಗಳ ಪಂದ್ಯ. ಸುತ್ತುಗಳ ನಡುವೆ ವೀರರಿಗೆ ಹೊಸ ಶಕ್ತಿಗಳನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಮೇ ಮತ್ತೆ ಉಂಡೆಯಾಗಿ ಉರುಳುತ್ತಾಳೆ! ಟ್ಯಾಲೆಂಟ್ ಮರದ ಕೊಂಬೆಗಳು ಬೇರೆ ಗಿಡಕ್ಕೆ ಕಸಿಯಾಗಿವೆ ಎಂದು ನನ್ನ ಓದು. ಮೋಡ್ ಲವಲವಿಕೆಯದು, ಕೈಚಳಕ ಬೇಡುವಂಥದ್ದು. ಓವರ್‌ವಾಚ್ ಬಹಳ ದಿನದಿಂದ ಇಷ್ಟು ಖುಷಿ ಕೊಟ್ಟಿರಲಿಲ್ಲ. ಆದರೂ ಒಂದು ವ್ಯತ್ಯಾಸವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಹೀರೋ ಮಿಷನ್‌ನಲ್ಲಿ ಬೆಳೆದದ್ದು ಉಳಿಯಬೇಕಿತ್ತು: ಇಂದು ಚಿಗುರಿದ ಕೊಂಬೆ ಮುಂದಿನ ವಾರ ಆಡುವಾಗಲೂ ಇರಬೇಕಿತ್ತು. ಸ್ಟೇಡಿಯಂನಲ್ಲಿ ಪಂದ್ಯ ಮುಗಿದೊಡನೆ ಎಲ್ಲ ಅಳಿಸಿಹೋಗುತ್ತದೆ. ಮುಂದಿನ ಪಂದ್ಯಕ್ಕೆ ಮೇ ಏನೂ ಕಲಿಯದವಳಾಗಿ ಬರುತ್ತಾಳೆ. ವೀರರಿಗೆ ಬೆಳವಣಿಗೆ ಸಿಕ್ಕಿತು, ನೆನಪು ಸಿಗಲಿಲ್ಲ. ಕಥೆಗೆ ಬೇಕಾದದ್ದು ನೆನಪು. ರಿಯೊದ ಹುಡುಗಿಯನ್ನು ಮರೆತ ಸಿಮೆಟ್ರಾ ಬೆಳಕಿನ ಗೋಡೆ ಕಟ್ಟುವ ಒಂದು ಸಲಕರಣೆ, ಅಷ್ಟೆ.

ಮಗಳು ಈಗ ಕಾಲೇಜಿಗೆಂದು ಬೇರೆ ಊರಿನಲ್ಲಿದ್ದಾಳೆ. ರಜೆಗೆ ಬಂದಾಗ ಒಂದೆರಡು ಪಂದ್ಯ ಆಡುತ್ತಾಳೆ. ಕಳೆದ ಸಲ ಬಂದಾಗ ಆ ಹಳೆಯ ಕಥೆಯನ್ನು ನೆನಪಿಸಿದೆ: ಸಿಮೆಟ್ರಾ ರಿಯೊಗೆ ವಾಪಸ್ ಹೋಗುವುದು, ಆ ಹುಡುಗಿಯನ್ನು ನೋಡುವುದು. ಆಡುತ್ತಲೇ ನಕ್ಕಳು. "ಅದನ್ನ ಎಂಟನೇ ಕ್ಲಾಸಲ್ಲಿ ಬರೆದಿದ್ದೆ ಪಪ್ಪ, ನೋಟ್‌ಬುಕ್ಕಲ್ಲಿ. ಅವರು ಒಬ್ಬರನ್ನೊಬ್ಬರು ಗುರುತು ಹಿಡೀತಾರೆ" ಎಂದಳು.

ನೋಟ್‌ಬುಕ್ ಎಲ್ಲಿದೆ ಎಂದು ಕೇಳಿದೆ. ಅಟ್ಟದ ಮೇಲಿನ ಡಬ್ಬದಲ್ಲಿರಬೇಕು ಎಂದಳು. ಅವಳು ಹೊರಟ ಮೇಲಿನ ಭಾನುವಾರ ಏಣಿ ಹಾಕಿ ಡಬ್ಬ ಇಳಿಸಿದೆ. ಎಂಟು ಪುಟ ಬರೆದಿದ್ದಾಳೆ. ಮುಗಿಸಿದ್ದಾಳೆ.